ಕಣ್ಣಿದ್ದವರಿಗೆ ಮಾತ್ರ ಕಣ್ಣಿನ ಆಸ್ಪತ್ರೆ

ಒಂದು ಸಣ್ಣ ಪರೀಕ್ಷೆ. ನಿಮ್ಮ ಮುಂದೆ ಒಂಬತ್ತು ಚಿತ್ರಗಳಿವೆ. ಒಂದೊಂದೂ ಹೆಬ್ಬೆರಳಿನ ಉಗುರಿನಷ್ಟು. ಎಲ್ಲವೂ ಮಸುಕು. ಅವುಗಳಲ್ಲಿ ಟ್ರಾಫಿಕ್ ಸಿಗ್ನಲ್ ಇರುವುದನ್ನೆಲ್ಲ ಆರಿಸಿ ಒತ್ತಬೇಕು. ಕಂಬ ಒಂದು ಚಿತ್ರದಲ್ಲಿದ್ದು ದೀಪ ಪಕ್ಕದ ಚಿತ್ರಕ್ಕೆ ಹೋಗಿದ್ದರೆ ಕಂಬವನ್ನೂ ಒತ್ತಬೇಕೋ ಬೇಡವೋ ದೇವರಿಗೇ ಗೊತ್ತು. ತಪ್ಪಿದಿರಾ? ಮತ್ತೆ ಒಂಬತ್ತು ಚಿತ್ರ.

ಈ ಪರೀಕ್ಷೆಯಲ್ಲಿ ನನ್ನ ಅಕ್ಕ ಫೇಲಾದಳು.

ಎಂಥ ಪರೀಕ್ಷೆ ಅಂತೀರಾ? ಡ್ರೈವಿಂಗ್ ಲೈಸೆನ್ಸಿನದಲ್ಲ. ಕಣ್ಣಿನ ಆಸ್ಪತ್ರೆಯ ವೆಬ್‌ಸೈಟಿನದು. ನನಗೆ ಕಣ್ಣು ಕಾಣುತ್ತಿಲ್ಲ, ತೋರಿಸಲು ಒಂದು ದಿನ ಕೊಡಿ ಎಂದು ಕೇಳಲು ಹೋದವಳಿಗೆ, ಮೊದಲು ಈ ಚಿತ್ರಗಳನ್ನು ನೋಡಿ ಹೇಳಮ್ಮ ಎಂದಿತು ಅದು. ನೀನು ಯಂತ್ರವಲ್ಲ, ಮನುಷ್ಯಳೇ ಎಂದು ಸಾಬೀತು ಮಾಡು ಎಂದಿತು.

ನೀವು ನಗಬಹುದು. ನಾನೂ ಮೊದಲು ನಕ್ಕೆ. ಆಮೇಲೆ ಏನಾಯಿತು ಎಂದು ಹೇಳುತ್ತೇನೆ, ಕೇಳಿ.

ಮಾದೇವಕ್ಕ ನನ್ನ ಒಡಹುಟ್ಟಿದ ಅಕ್ಕ. ಗದ್ವಾಲಕ್ಕೆ ಮದುವೆಯಾಗಿ ಹೋದವಳು. ಗಂಡ ತೀರಿಕೊಂಡ ಮೇಲೆ ಬ್ಲೌಸ್ ಹೊಲಿದು ಮಗಳನ್ನು ಓದಿಸಿ ಮಲ್ದಕಲ್ಲಿಗೆ ಮದುವೆ ಮಾಡಿಕೊಟ್ಟವಳು. ಗದ್ವಾಲ ಸೀರೆ ನಿಮಗೆ ಗೊತ್ತಲ್ಲ, ಒಡಲು ಹತ್ತಿ, ಅಂಚು ರೇಷ್ಮೆ. ಆ ಅಂಚನ್ನು ಬ್ಲೌಸಿನ ತೋಳಿಗೆ ಕೂಡಿಸುವಾಗ ಒಂದು ದಾರ ಆಚೀಚೆ ಆದರೂ ಮದುಮಗಳ ಅತ್ತೆ ಮೂಗು ಮುರಿಯುತ್ತಾಳೆ. ಅಕ್ಕ ಕೂಡಿಸಿದ ಅಂಚಿಗೆ ಯಾವ ಅತ್ತೆಯೂ ಮೂಗು ಮುರಿದದ್ದಿಲ್ಲ. ಬಾಯಿ ಮಾತ್ರ ಜೋರು. ಅಳತೆ ಕೊಡಲು ಬಂದವರು ಹೊಟ್ಟೆ ಒಳಗೆ ಎಳೆದುಕೊಂಡು ನಿಂತರೆ, "ಉಸಿರು ಬಿಡವ್ವ, ಮದುವ್ಯಾಗ ಊಟ ಮಾಡಂಗಿಲ್ಲೇನು?" ಎನ್ನುತ್ತಾಳೆ.

ಎನ್ನುತ್ತಾಳೆ ಎಂದು ಬರೆದಿದ್ದೇನೆ. ಎನ್ನುತ್ತಿದ್ದಳು, ಹೊಲಿಯುತ್ತಿದ್ದಳು ಎಂದು ಬರೆಯಬೇಕು. ಕೈ ಬರುತ್ತಿಲ್ಲ.

ಅವಳಿಗೆ ಸಕ್ಕರೆ ಕಾಯಿಲೆ. ಬಲಗಣ್ಣು ಹಿಂದೆಯೇ ಹೋಗಿತ್ತು. ಆಗ ಅವಳು ಹೆಚ್ಚು ಅತ್ತವಳಲ್ಲ. "ಹೊಲಿಗಿ ಮಿಷನ್ನಿಗೆ ಎಷ್ಟು ಸೂಜಿ ಅದಾವ? ಒಂದ ಅಲ್ಲ? ನನಗೂ ಒಂದ ಕಣ್ಣು ಸಾಕು" ಎಂದು ಕೆಲಸಕ್ಕೆ ಕೂತಳು. ಒಂದೇ ಕಣ್ಣಿನಲ್ಲಿ ಆ ಅಂಚನ್ನು ಕೂಡಿಸುತ್ತಿದ್ದಳು. ನನಗೆ ಎರಡು ಕಣ್ಣಿದ್ದೂ ಅಂಗಿಯ ಗುಂಡಿ ಹಚ್ಚಲು ಬರುವುದಿಲ್ಲ.

ಈ ಮಳೆಗಾಲದಲ್ಲಿ ಅವಳಿಗೆ ಸೂಜಿಯ ಮೇಲೆ ಸಿಟ್ಟು ಬಂತು. ಕಂಪನಿಯವರು ಸೂಜಿಯ ಕಣ್ಣು ಸಣ್ಣದು ಮಾಡಿದ್ದಾರೆ ಎಂದು ಅಂಗಡಿಯವನ ಜೊತೆ ಜಗಳ ಮಾಡಿದಳು. ಹೊಸ ಪೊಟ್ಟಣ ತಂದಳು. ಅದೂ ಸಣ್ಣದು. ಆಮೇಲೆ ಗೋಡೆಯ ಮೇಲೆ ಜೇಡರ ಬಲೆ ಕಂಡಿತು. ಕಸಬರಿಗೆ ತಗೊಂಡು ಬಳಿದಳು. ಬಲೆ ಹೋಗಲಿಲ್ಲ. ಗೋಡೆ ಬಿಟ್ಟು ಬಾಗಿಲ ಕಡೆ ನೋಡಿದರೆ ಬಲೆ ಬಾಗಿಲಿಗೆ ಬಂತು.

ಆಗ ಹೆದರಿದಳು. ರೈಲು ಹತ್ತಿ ರಾಯಚೂರಿಗೆ ಹೋಗಿ, ಅವಳು ಯಾವಾಗಲೂ ತೋರಿಸುವ ಕಣ್ಣಿನ ಡಾಕ್ಟರನ್ನು ಕಂಡಳು. ಅವರು ಬಹಳ ಹೊತ್ತು ನೋಡಿದರಂತೆ. "ಅಮ್ಮಾ, ಒಳಗ ರಕ್ತ ಸೋರೈತಿ. ಕಣ್ಣಿನ ಹಿಂದಿನ ಪರದೆ ಜಗ್ಗಾಕತ್ತೈತಿ. ಇದು ನನ್ನ ಕೈಯಾಗಿನ ಕೆಲಸ ಅಲ್ರಿ. ವಾರದಾಗ ದೊಡ್ಡ ದವಾಖಾನಿಗೆ ಹೋಗ್ರಿ, ತಡ ಮಾಡಬ್ಯಾಡ್ರಿ. ಆದ್ರ ಸುಮ್ಮನ ಹೋದ್ರ ಒಳಗ ಬಿಡಂಗಿಲ್ಲ. ಫೋನಿನಾಗ ಪಾಳಿ ಹಚ್ಚಿ ಹೋಗ್ರಿ" ಎಂದು ಹೇಳಿ, ಕಣ್ಣಿಗೆ ಹಾಕಿಕೊಳ್ಳಲು ಹನಿ ಬರೆದುಕೊಟ್ಟರು.

ದೊಡ್ಡ ದವಾಖಾನಿ ಎಂದರೆ ನಾವು ಗಡಿ ಕನ್ನಡಿಗರು ಸೇರಿರುವ ತೆಲುಗು ರಾಜ್ಯದ ರಾಜಧಾನಿಯಲ್ಲಿ ಒಂದು ಟ್ರಸ್ಟಿನ ಆಸ್ಪತ್ರೆ. ಹೆಸರು ಬರೆಯುವುದಿಲ್ಲ. (ಬರೆದರೆ ನಮ್ಮ ಸಂಪಾದಕರಿಗೆ ಬಿ.ಪಿ. ಏರುತ್ತದೆ. ಅದಕ್ಕೂ ಆನ್‌ಲೈನ್ ಸ್ಲಾಟ್ ಹುಡುಕಬೇಕಾಗುತ್ತದೆ.) ಅಕ್ಕನ ಬಳಿ ಇರುವ ಆರೋಗ್ಯದ ಕಾರ್ಡು ಈ ಕಾಯಿಲೆಗೆ ಅಲ್ಲಿ ಮಾತ್ರ ನಡೆಯುತ್ತದೆ. ಒಳ್ಳೆಯ ಡಾಕ್ಟರುಗಳಿದ್ದಾರೆ, ಒಳ್ಳೆಯ ಮಿಷನ್‌ಗಳಿವೆ, ನೆಲದ ಫರ್ಶಿ ಕನ್ನಡಿಯಂತೆ ಹೊಳೆಯುತ್ತದೆ. ಹೊರಗಿನಿಂದ ಒಳಗೆ ಹೋಗಲು ಮಾತ್ರ ಒಂದೇ ದಾರಿ. ವೆಬ್‌ಸೈಟು.

ಅಕ್ಕನಿಗೆ ಫೋನು ಹೊಸದಲ್ಲ, ಅದಕ್ಕೆ ಬೇಕಾಗುವಷ್ಟು ಇಂಗ್ಲಿಷನ್ನೂ ಅಕ್ಷರ ಕೂಡಿಸಿ ಓದುತ್ತಿದ್ದಳು. ಹೊಸ ತೋಳಿನ ಡಿಸೈನು ನೋಡುವುದು ಅದರಲ್ಲಿ, ಕರೆಂಟ್ ಬಿಲ್ಲು ಕಟ್ಟುವುದು ಅದರಲ್ಲಿ, ಮಗಳ ಜೊತೆ ಜಗಳ ಆಡುವುದೂ ಅದರಲ್ಲೇ. ಓಣಿಯ ಹೆಂಗಸರಿಗೆ ಗ್ಯಾಸ್ ಬುಕ್ ಮಾಡಿಕೊಡುವವಳು ಅವಳೇ. ಹಾಗಾಗಿ ಯಾರನ್ನೂ ಕೇಳಲಿಲ್ಲ. ಕೂತು ತಾನೇ ಮಾಡಿದಳು. ಅಂದು ಸಂಜೆ ನನಗೆ ಫೋನ್ ಬಂತು.

"ತಮ್ಮಾ, ಪಾಳಿ ಹಚ್ಚಿದೆ ನೋಡು. ನಂಬರ್ ಬಂತು. ಬುಧವಾರ ಹೋಗೂನು. ನೀನೂ ಬಾ, ಬರಾಗ ಡಬ್ಬ್ಯಾಗ ನಾಕು ರೊಟ್ಟಿ ಕಟಗೊಂಡು ಬಾ."

ಧ್ವನಿಯಲ್ಲಿ ಹೆಮ್ಮೆ ಇತ್ತು. ಫೋನಿಗೆ ಬಂದ ಮೆಸೇಜನ್ನೂ ನನಗೆ ಕಳಿಸಿದಳು. ಇಂಗ್ಲಿಷಿನಲ್ಲಿತ್ತು. ನಿಮ್ಮ ನೋಂದಣಿ ಯಶಸ್ವಿಯಾಗಿದೆ, ಧನ್ಯವಾದ, ನಿಮ್ಮ ನಂಬರ್ ಇಂತಿಷ್ಟು ಎಂದಿತ್ತು. ನಾನೂ ಓದಿದೆ. ಯಶಸ್ವಿಯಾಗಿದೆ ಎಂದು ಆಸ್ಪತ್ರೆಯೇ ಹೇಳಿದ ಮೇಲೆ ಇನ್ನೇನು ಅನುಮಾನ? ನಿಮಗೆ ಬರುತ್ತಿತ್ತೇ?

ಬುಧವಾರ ನಸುಕಿನಲ್ಲೇ ಗದ್ವಾಲದಲ್ಲಿ ರೈಲು ಹತ್ತಿದೆವು. ನಾನು ನಾರಾಯಣಪೇಟೆಯಿಂದ ಹಿಂದಿನ ದಿನವೇ ಮಕ್ತಲ್ ಮೇಲೆ ಬಸ್ಸು ಬದಲಿಸಿ ಬಂದಿದ್ದೆ. ರೈಲಿನಲ್ಲಿ ಅಕ್ಕ ಕಿಟಕಿ ಪಕ್ಕ ಕೂತಿದ್ದಳು. ಹೊರಗೆ ಏನು ಕಾಣುತ್ತಿದೆ ಎಂದು ಕೇಳಿದೆ. "ಹಸರು" ಎಂದಳು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಜೋಳವೋ ಹತ್ತಿಯೋ ತೊಗರಿಯೋ ಎಂದು ದೂರದಿಂದಲೇ ಹೇಳುತ್ತಿದ್ದವಳು.

ಆಸ್ಪತ್ರೆಯ ಗೇಟಿನಲ್ಲಿ ಸೆಕ್ಯುರಿಟಿಯವನು ಕೈಯಲ್ಲಿ ಟ್ಯಾಬ್ ಹಿಡಿದು ನಿಂತಿದ್ದ. ಅಕ್ಕ ನಂಬರ್ ಹೇಳಿದಳು. ಬಾಯಿಪಾಠ ಮಾಡಿದ್ದಳು. ಅವನು ಮೇಲೆ ಕೆಳಗೆ ಸರಿಸಿ ನೋಡಿ, "ಆಜ್ ಕೇ ಸ್ಲಾಟ್ ಮೇ ನಾಮ್ ನಯ್ಯ್ ಹೈ ಅಮ್ಮಾ" ಎಂದ. ಇವತ್ತಿನ ಸ್ಲಾಟಿನಲ್ಲಿ ಹೆಸರಿಲ್ಲವಂತೆ.

"ನಂಬರ್ ಐತಲ್ಲಪ್ಪ!"

ಅವನಿಗೆ ಕನ್ನಡ ಬರಲಿಲ್ಲ. ನಮ್ಮ ಕಡೆಯ ದಖನಿ ಉರ್ದುವಿನಲ್ಲಿ ನಾನು ಮಾತಾಡಿದೆ. ಬೇಡಿಕೊಂಡೆ ಎನ್ನುವುದೇ ಸರಿ. ಒಳಗೆ ಕೌಂಟರಿಗೆ ಬಿಟ್ಟ. ಕೌಂಟರಿನ ಹೆಣ್ಣುಮಗಳು ಕಂಪ್ಯೂಟರ್ ನೋಡಿ ತೆಲುಗಿನಲ್ಲಿ ವಿವರಿಸಿದಳು. ಈಕೆಯ ಹೆಸರು ನೋಂದಣಿ ಆಗಿದೆ, ಅದು ನಿಜ. ಆದರೆ ಸ್ಲಾಟ್ ಬುಕ್ ಆಗಿಲ್ಲ. ನೋಂದಣಿಯೇ ಬೇರೆ, ಸ್ಲಾಟೇ ಬೇರೆ. ಕೊನೆಗೆ ಕನ್‌ಫರ್ಮ್ ಅಂತ ಒಂದು ಬಟನ್ ಇರುತ್ತದೆ, ಅದನ್ನು ಒತ್ತಿಲ್ಲ. ಎಮರ್ಜೆನ್ಸಿಯಲ್ಲಿ ತೋರಿಸೋಣವೆಂದರೆ ಅದು ಪೆಟ್ಟು ಬಿದ್ದ ಕಣ್ಣಿಗೆ ಮಾತ್ರ. ಕಣ್ಣಿನ ಪರದೆಯ ವಿಭಾಗಕ್ಕೆ ಸ್ಲಾಟ್ ಇಲ್ಲದೆ ಯಾರನ್ನೂ ಕಳಿಸುವ ಹಾಗಿಲ್ಲ, ಸಿಸ್ಟಮ್ ತಗೊಳ್ಳುವುದಿಲ್ಲ.

ರಾಯಚೂರು ಡಾಕ್ಟರ ಚೀಟಿ ಮುಂದಿಟ್ಟೆ. ತಡ ಮಾಡುವಂತಿಲ್ಲ ಎಂದು ಅವರು ಬರೆದದ್ದರ ಕೆಳಗೆ ಎರಡು ಗೆರೆ ಎಳೆದಿದ್ದರು. ಆಕೆ ಅದನ್ನು ಓದಿದಳು. ಮುಖ ಸಣ್ಣದಾಯಿತು. ಆಕೆಯೇನು ಕೆಟ್ಟವಳಲ್ಲ. "ನೇನೇಂ ಚೆಯ್ಯಾಲಿ ಸಾರ್?" ಎಂದಳು. ನಾನೇನು ಮಾಡಲಿ ಎಂದರೆ ನಾನಾದರೂ ಏನು ಹೇಳಲಿ? ಪಕ್ಕದ ಕುರ್ಚಿಯಲ್ಲಿದ್ದ ಗಂಡಸು ಮಾತ್ರ ತಲೆ ಎತ್ತದೆಯೇ ಕೇಳಿದ, "ಇಂಟ್ಲೋ ಚದುವುಕುನ್ನವಾಳ್ಳು ಎವರೂ ಲೇರಾ?"

ಮನೆಯಲ್ಲಿ ಓದಿದವರು ಯಾರೂ ಇಲ್ಲವೇ?

ಅಕ್ಕನಿಗೆ ತೆಲುಗು ಚೆನ್ನಾಗಿ ಬರುತ್ತದೆ. ಗಿರಾಕಿಗಳ ಜೊತೆ ದಿನವೆಲ್ಲ ಅದೇ. ಓದಲು ಮಾತ್ರ ಬಾರದು, ಓದಿದ್ದು ಮಕ್ತಲದ ಕನ್ನಡ ಶಾಲೆಯಲ್ಲಿ. ಆ ಮಾತು ಅವಳಿಗೆ ನಾಟಿತು. ಕೌಂಟರಿನ ಮರವನ್ನು ಕೈಯಿಂದ ತಡಕಿ ಹಿಡಿದುಕೊಂಡು, ಅವನ ದನಿ ಬಂದ ಕಡೆಗೆ ತಿರುಗಿ, ತೆಲುಗು ಬಿಟ್ಟು ಕನ್ನಡದಲ್ಲೇ ಅಂದಳು: "ಯಾಕಪ್ಪ? ನನ್ನ ಕಣ್ಣಿಗೆ ನಾನ ಪಾಳಿ ಹಚ್ಚಬಾರದೇನು?"

ಅವನಿಗೆ ತಿಳಿಯಲಿಲ್ಲ. ನಾನು ತರ್ಜುಮೆ ಮಾಡಲಿಲ್ಲ. ಅವಳ ಕೈ ಹಿಡಿದುಕೊಂಡು ಬಾಗಿಲ ಕಡೆ ನಡೆದೆ.

ಹೊರಗೆ ಬೇವಿನ ಗಿಡದ ಕಟ್ಟೆಯ ಮೇಲೆ ಕೂತು, ಅವಳಿಂದ ಎಲ್ಲ ಬಿಡಿಸಿ ಕೇಳಿದೆ. ಅವಳು ಮಾಡಿದ್ದಿಷ್ಟು. ಫೋನನ್ನು ಮೂಗಿಗೆ ತಾಗಿಸಿಕೊಂಡು ಹೆಸರು, ಊರು, ಕಾಯಿಲೆ ತುಂಬಿದಳು. ನಂಬರ್ ಬಂತು. ದಿನ ಆರಿಸು ಎಂದಿತು, ಬುಧವಾರವನ್ನು ಒತ್ತಿದಳು. ಅದು ಹಸಿರಾಯಿತು. ಆಮೇಲೆ ಈ ಒಂಬತ್ತು ಚಿತ್ರ. ಒತ್ತಿದಳು, ತಪ್ಪು. ಮತ್ತೆ ಒತ್ತಿದಳು, ತಪ್ಪು. (ಗದ್ವಾಲದ ರಸ್ತೆಯಲ್ಲಿ ಓಡಾಡುವವರಿಗೆ ಟ್ರಾಫಿಕ್ ಸಿಗ್ನಲ್ ಅಂದರೆ ಎದುರಿಗೆ ಬಂದ ಎಮ್ಮೆ. ಆದರೆ ಅದು ಬೇರೆ ಮಾತು.) ಕಣ್ಣಲ್ಲಿ ನೀರು ಸುರಿಯತೊಡಗಿತು. ಡಾಕ್ಟರು ಹೇಳಿದ್ದ ಹನಿ ಹಾಕಿಕೊಂಡು, ಅವರು ಹೇಳಿದ ಹಾಗೆಯೇ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಮಲಗಿದಳು.

ಎದ್ದು ನೋಡಿದರೆ ಚಿತ್ರಗಳಿರಲಿಲ್ಲ. ಆಸ್ಪತ್ರೆಯ ಮೊದಲಿನ ಪುಟ ಬಂದು ಕೂತಿತ್ತು. ಅವಳಂದುಕೊಂಡಳು: ಕೆಲಸ ಮುಗಿದಿದೆ.

"ಚಿತ್ರದ್ದು ಬಿಟ್ಟು ಹಂಗ ಯಾಕ ಮಲಗಿದಿ ಅಕ್ಕ? ಪಾಳಿ ಹೋಗ್ತೈತಿ ಅಂತ ಅನಸಲಿಲ್ಲೇನು?"

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಹನಿ ಹಾಕ್ಕೊಂಡು ಮಲಗಿದವರ ಪಾಳಿ ಯಾರರೆ ಕಸಗೊಂತಾರೇನೋ?"

ಈಗ ನೀವೇ ಹೇಳಿ. ನಮ್ಮ ಸೀಮೆಯಲ್ಲಿ ಪಾಳಿ ಎಂದರೆ ಏನು? ದಾಮರಗಿದ್ದದಲ್ಲಿ ಯೂರಿಯಾ ಬರುತ್ತದೆ ಎಂದರೆ ಗೋಡೌನಿನ ಮುಂದೆ ಬೆಳಗಾಗುವಷ್ಟರಲ್ಲಿ ಚಪ್ಪಲಿಗಳ ಸಾಲು ನಿಂತಿರುತ್ತದೆ. ಮನುಷ್ಯರೆಲ್ಲ ಗಿಡದ ನೆರಳಿನಲ್ಲಿ. ಒಬ್ಬ ಚಹಾ ಕುಡಿಯಲು ಹೋಗಿರುತ್ತಾನೆ, ಒಬ್ಬ ಎತ್ತಿಗೆ ನೀರು ಕುಡಿಸಲು. ಚಪ್ಪಲಿ ಮಾತ್ರ ತನ್ನ ಜಾಗದಲ್ಲಿರುತ್ತದೆ. ಒಬ್ಬರ ಚಪ್ಪಲಿಯನ್ನು ಇನ್ನೊಬ್ಬರು ಸರಿಸಿದರೆ ಹೊಡೆದಾಟವೇ ಆಗುತ್ತದೆ. ರಾಯಚೂರಿನ ಆ ಡಾಕ್ಟರ ಬಾಗಿಲಲ್ಲೂ ಇದೇ ನಿಯಮ. ಬೆಳಿಗ್ಗೆ ಕಂಪೌಂಡರನ ಹತ್ತಿರ ನಂಬರ್ ತೆಗೆದುಕೊಂಡರೆ ಮುಗಿಯಿತು. ಹನಿ ಹಾಕಿ ಬೆಂಚಿನ ಮೇಲೆ ಕೂರಿಸಿದವರು ನಿದ್ದೆ ಹೋದರೂ ಅವನೇ ಬಂದು ತೋಳು ಮುಟ್ಟಿ ಎಬ್ಬಿಸುತ್ತಾನೆ. ನಂಬರ್ ಸಿಕ್ಕಿತೆಂದರೆ ಪಾಳಿ ಸಿಕ್ಕಿತು. ಕಣ್ಣು ಮುಚ್ಚಿದವರ ಪಾಳಿಯನ್ನು ಕಣ್ಣು ತೆರೆದವರು ಕಾಯುತ್ತಾರೆ.

ಅಕ್ಕ ಈ ನಂಬಿಕೆಯ ಮೇಲೆ ಮಲಗಿದಳು. ವೆಬ್‌ಸೈಟು ಅಷ್ಟರಲ್ಲಿ ಅವಳನ್ನು ಹೊರಗೆ ಹಾಕಿತ್ತು. ಕೆಲವು ನಿಮಿಷ ಯಾರೂ ಏನೂ ಒತ್ತದಿದ್ದರೆ ಅದು ಹಾಗೆ ಮಾಡುತ್ತದಂತೆ. ಹಾಕುವಾಗ ಒಂದು ಮಾತು ಹೇಳಿತೇ? ತಾಯಿ, ನಿನ್ನ ಬುಧವಾರ ಇನ್ನೂ ಗಟ್ಟಿಯಾಗಿಲ್ಲ ಎಂದು ಒಂದು ಮೆಸೇಜು ಕಳಿಸಿತೇ? ಇಲ್ಲ. ಯಶಸ್ವಿ ಎಂದು ಕಳಿಸಿತ್ತು. ಅಷ್ಟೇ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಹೇಳುವುದು ಕಷ್ಟ.

ಅಲ್ಲೇ ಕಟ್ಟೆಯ ಮೇಲೆ ನಾನೇ ಫೋನಿನಲ್ಲಿ ಸ್ಲಾಟ್ ಹುಡುಕಿದೆ. ಪರದೆಯ ವಿಭಾಗಕ್ಕೆ ಸಿಕ್ಕ ಮೊದಲ ದಿನ ದಸರಾ ಮುಗಿದ ಮೇಲೆ. ಅದನ್ನೇ ಹಿಡಿದೆ. ಅಲ್ಲಿಂದ ಆಟೋ ಮಾಡಿ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ನೋಡಿದರು. ಈ ಆಪರೇಷನ್ನಿಗೆ ಬೇಕಾದ ಸೌಕರ್ಯ ನಮ್ಮಲ್ಲಿಲ್ಲ, ಇಂಥ ಆಸ್ಪತ್ರೆಗೆ ಬೇಗ ಹೋಗಿ ಎಂದು ಚೀಟಿ ಬರೆದರು. ಯಾವ ಆಸ್ಪತ್ರೆಗೆ ಅಂತೀರಾ? ನಾವು ಈಗತಾನೇ ಗೇಟು ದಾಟಿ ಬಂದಿದ್ದ ಆಸ್ಪತ್ರೆಗೇ. "ಆನ್‌ಲೈನ್ ಸ್ಲಾಟ್ ಬುಕ್ ಮಾಡ್ಕೊಂಡು ಹೋಗಿ" ಎಂದು ಉಪಕಾರದ ಮಾತೊಂದನ್ನೂ ಸೇರಿಸಿದರು.

ಅವರು ಕೊಟ್ಟ ಔಷಧಿ ಹಾಕಿಕೊಂಡು ಅಕ್ಕ ಕಾದಳು. ದಿನಾ ಬೆಳಿಗ್ಗೆ ನಾನು ಆಸ್ಪತ್ರೆಗೆ ಫೋನ್ ಮಾಡುತ್ತಿದ್ದೆ. ನಿಮ್ಮ ಕರೆ ನಮಗೆ ಮುಖ್ಯ ಎಂದು ಒಂದು ಹೆಣ್ಣು ದನಿ ಹೇಳುತ್ತಿತ್ತು. ಎಷ್ಟು ಮುಖ್ಯ ಎಂದರೆ ಎತ್ತುವವರೇ ಇರಲಿಲ್ಲ. ಮಹಾನವಮಿಯ ದಿನ ಅಕ್ಕ ಹೊಲಿಗೆ ಮಿಷನ್ನಿಗೆ ಪೂಜೆ ಮಾಡಿದಳಂತೆ. ಕುಂಕುಮವನ್ನು ಮಿಷನ್ನಿನ ಪಕ್ಕದ ಗೋಡೆಗೆ ಹಚ್ಚಿದ್ದಳು. ಹಬ್ಬಕ್ಕೆ ಬಂದಿದ್ದ ಮಗಳು ನೋಡಿ, ಅವ್ವನಿಗೆ ತಿಳಿಯದ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳಂತೆ.

ಹಬ್ಬ ಮುಗಿದು ನಮ್ಮ ದಿನ ಬಂತು. ಈ ಸಲ ಗೇಟಿನಲ್ಲಿ ಹೆಸರು ಇತ್ತು. ಒಳಗಿನ ಡಾಕ್ಟರು ಒಳ್ಳೆಯವರು, ವಯಸ್ಸಾದವರು. ನೋಡಿ, ಮತ್ತೊಬ್ಬರನ್ನು ಕರೆದು ತೋರಿಸಿ, ಕುರ್ಚಿ ಎಳೆದುಕೊಂಡು ಅಕ್ಕನ ಎದುರು ಕೂತರು. ಪರದೆ ಪೂರ್ತಿ ಕಿತ್ತು ಬಂದಿದೆ. ಆಪರೇಷನ್ ಮಾಡುತ್ತೇವೆ, ಮಾಡಿದರೂ ಬೆಳಕು ಕತ್ತಲೆ ತಿಳಿಯಬಹುದು, ಅದಕ್ಕಿಂತ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಕೊನೆಗೆ, ಎಲ್ಲ ಡಾಕ್ಟರೂ ಹೇಳುವ ಆ ಮಾತನ್ನು ಹೇಳಿದರು. "ಕೊಂಚೆಂ ಮುಂದೇ ರಾವಾಲ್ಸಿಂದಿ ಅಮ್ಮಾ."

ಸ್ವಲ್ಪ ಮೊದಲೇ ಬರಬೇಕಿತ್ತು!

ಅಯ್ಯಾ, ಬಂದಿದ್ದೆವು. ನಿಮ್ಮ ಕೌಂಟರಿನ ತನಕ ಬಂದಿದ್ದೆವು. ನೀವು ಒಳಗಿದ್ದಿರಿ, ನಾವು ಹೊರಗಿದ್ದೆವು, ನಡುವೆ ಒಂದು ಬಟನ್ ಇತ್ತು. ಇದನ್ನೆಲ್ಲ ಹೇಳಬೇಕೆಂದುಕೊಂಡೆ. ಅಕ್ಕ ನನ್ನ ಅಂಗಿ ಜಗ್ಗಿದಳು. ಡಾಕ್ಟರಿಗೆ ಕೈಮುಗಿದಳು. ಅವರು ಆಗಲೇ ಎದ್ದು ಹೋಗಿದ್ದರು. ಅವಳು ಖಾಲಿ ಕುರ್ಚಿಗೆ ಕೈಮುಗಿಯುತ್ತಿದ್ದಳು.

ಅವಳಿಗೆ ಆಪರೇಷನ್ ನಡೆಯುತ್ತಿದ್ದಾಗ ನಾನು ಹೊರಗೆ ಕೂತು ಅದೇ ವೆಬ್‌ಸೈಟನ್ನು ಮೊದಲಿನಿಂದ ಕೊನೆಯ ತನಕ ನೋಡಿದೆ. ಸಿಟ್ಟಿನಿಂದ ನೋಡಿದೆ, ಸುಳ್ಳೇಕೆ ಹೇಳಲಿ. ಆ ಕನ್‌ಫರ್ಮ್ ಬಟನ್ನು ಎಲ್ಲಿದೆ ಗೊತ್ತೇ? ಆ ಚಿತ್ರಗಳ ಪರೀಕ್ಷೆ ದಾಟಿದ ಮೇಲೆ, ಪುಟದ ತೀರಾ ಕೆಳಗೆ. ಬಿಳಿಯ ಮೇಲೆ ತಿಳಿ ಬೂದು ಬಣ್ಣ. ಕನ್ನಡಕ ಹಾಕಿದ ನಾನೇ ಎರಡು ಸಲ ದಾಟಿ ಹೋದೆ. ದೊಡ್ಡದು ಮಾಡೋಣವೆಂದು ಎರಡು ಬೆರಳಿಟ್ಟು ಹಿಗ್ಗಿಸಿದರೆ ಪುಟ ಹಿಗ್ಗಲಿಲ್ಲ, ಹಿಗ್ಗದಂತೆ ಬಿಗಿ ಮಾಡಿದ್ದಾರೆ. ಮೇಲೆ ಭಾಷೆ ಆರಿಸಲು ಜಾಗವಿದೆ. ತೆಲುಗು ಒತ್ತಿದರೆ ಶೀಘ್ರದಲ್ಲೇ ಬರಲಿದೆ ಎಂದು ಬರುತ್ತದೆ, ಅದೂ ಇಂಗ್ಲಿಷಿನಲ್ಲಿ! ಕನ್ನಡದ ಮಾತು ಬಿಡಿ, ನಾವು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು.

ನಡುವೆ ಮಾತ್ರ ಒಂದು ದೊಡ್ಡ ಫೋಟೋ ತಾನಾಗಿಯೇ ಸರಿಯುತ್ತಿರುತ್ತದೆ. ಒಬ್ಬ ಅಜ್ಜಿ ನಗುತ್ತಿರುತ್ತಾಳೆ. ಅದರ ಮೇಲೆ, ನಿಮ್ಮ ದೃಷ್ಟಿಯೇ ನಮ್ಮ ಗುರಿ.

ಕಚೇರಿ ಹುಡುಕಿಕೊಂಡು ಹೋದೆ. ಆಡಳಿತಾಧಿಕಾರಿ ಎಂಬ ಫಲಕವಿದ್ದ ಕೋಣೆಯಲ್ಲಿ ಒಬ್ಬರು ಕೂತಿದ್ದರು. ಮರ್ಯಾದೆಯಿಂದ ಮಾತಾಡಿಸಿದರು, ಚಹಾ ತರಿಸಿದರು. ಪತ್ರಿಕೆಗೆ ಬರೆಯುತ್ತೇನೆ ಎಂದಿದ್ದೆ, ಅದರಿಂದ ಇರಬೇಕು. ಎಲ್ಲ ಹೇಳಿದೆ. ಅವರು ಬೇಸರಪಟ್ಟರು. ಆಮೇಲೆ ಹೇಳಿದರು, "ಆದ್ರೆ ಸಾರ್, ನಮ್ಮ ವೆಬ್‌ಸೈಟಿನ ಡಿಸೈನಿಗೆ ಪ್ರೈಜ್ ಬಂದಿದೆ." ಅವರು ಹೇಳಿದ್ದು ತೆಲುಗಿನಲ್ಲಿ. ನನಗೆ ಯಾವ ಭಾಷೆಯಲ್ಲೂ ಅರ್ಥವಾಗದ ಮಾತದು.

"ಕಣ್ಣು ಕಾಣದವರು ಇದನ್ನು ಬಳಸುವುದು ಹೇಗೆ?" ಎಂದು ಕೇಳಿದೆ.

"ಪೇಷೆಂಟ್ ಎಪ್ಪುಡೂ ಅಟೆಂಡರ್‌ತೋನೇ ವಸ್ತಾರು ಕದಾ ಸಾರ್?" ರೋಗಿ ಯಾವಾಗಲೂ ಯಾರನ್ನಾದರೂ ಜೊತೆಗೆ ಕರೆದುಕೊಂಡೇ ಬರುತ್ತಾರಲ್ಲವೇ ಎಂದು. ನಗುತ್ತಾ ಹೇಳಿದರು. ಅವರಿಗೆ ಅದು ಉತ್ತರವಾಗಿತ್ತು.

"ಇದನ್ನು ಮಾಡುವಾಗ ನಿಮ್ಮ ಒಬ್ಬ ಪೇಷೆಂಟಿನ ಕೈಗೆ ಫೋನ್ ಕೊಟ್ಟು, ಒತ್ತಿ ನೋಡಮ್ಮ ಎಂದು ಹೇಳಿದ್ದಿರಾ?"

ಅವರು ಚಹಾದ ಕಪ್ಪಿನ ಕಡೆ ನೋಡಿದರು. ಹೊರಗಿನ ವರಾಂಡದಲ್ಲಿ ಕಣ್ಣಿಗೆ ಹನಿ ಹಾಕಿಸಿಕೊಂಡವರು ಸಾಲಾಗಿ ಕೂತಿದ್ದರು. ಒಬ್ಬರನ್ನು ಒಳಗೆ ಕರೆದು ಕೇಳಲು ಎಷ್ಟು ಹೊತ್ತು ಬೇಕಿತ್ತು? ಜಗತ್ತಿನ ಯಾವ ವೆಬ್‌ಸೈಟಿನವರಿಗೂ ಸಿಗದ ಅದೃಷ್ಟ ಇವರ ಬಾಗಿಲಲ್ಲೇ ಬೆಂಚು ಹಾಕಿಕೊಂಡು ಕೂತಿದೆ. ಒಬ್ಬರೂ ಕೇಳಿಲ್ಲ.

ಅಟೆಂಡರ್ ಇರುತ್ತಾರಲ್ಲ! ಈ ಒಂದು ಮಾತಿನಿಂದ ಎಷ್ಟು ಬಾಗಿಲು ಮುಚ್ಚಿದ್ದೇವೆ ನೋಡಿ. ಮರಿಕಲ್ಲಿನಲ್ಲಿ ನನಗೆ ಪರಿಚಯದ ಒಬ್ಬ ರೈತನಿದ್ದಾನೆ. ಮೇವು ಕತ್ತರಿಸುವ ಮಿಷನ್ನಿಗೆ ಸಿಕ್ಕು ಅವನ ಬೆರಳುಗಳು ಹೋಗಿವೆ. ಬ್ಯಾಂಕಿನ ಆಪ್ ಅವನಿಗೆ ಚಿತ್ರದ ತುಂಡನ್ನು ಎಳೆದು ಸರಿಯಾಗಿ ಕೂಡಿಸು ಎನ್ನುತ್ತದೆ. ಅವನು ಅಂಗೈಯ ಅಂಚಿನಲ್ಲಿ ತಳ್ಳುತ್ತಾನೆ, ತುಂಡು ಎಲ್ಲೆಲ್ಲೋ ಹೋಗುತ್ತದೆ. ಕಡೆಗೆ ಯಾರದೋ ಕೈಗೆ ಫೋನು ಕೊಡುತ್ತಾನೆ, ಗುಟ್ಟಿನ ಪಿನ್ನನ್ನೂ ಬಾಯಿಬಿಟ್ಟು ಹೇಳುತ್ತಾನೆ. ಆಮೇಲೆ ಅದೇ ಬ್ಯಾಂಕು ಅವನಿಗೆ, ಪಿನ್ ಯಾರಿಗೂ ಹೇಳಬೇಡಿ ಎಂದು ಮೆಸೇಜು ಕಳಿಸುತ್ತದೆ. ಹೇಳದೆ ಇರುವ ದಾರಿ ಇಟ್ಟಿದ್ದೀರಾ, ಪುಣ್ಯಾತ್ಮರೇ?

ತೆಲುಗು ಸೀಮೆ ಒಡೆದು ಹೊಸ ರಾಜ್ಯ ಬಂತು. ನಾವೂ ಕುಣಿದೆವು. ಗದ್ವಾಲ ಜಿಲ್ಲೆಯಾಯಿತು, ಆಮೇಲೆ ನಮ್ಮ ನಾರಾಯಣಪೇಟೆಯೂ ಆಯಿತು. ಮೊದಲು ಒಂದು ಕಾಗದಕ್ಕೆ ಮಹಬೂಬ್‌ನಗರಕ್ಕೆ ಓಡಬೇಕಿತ್ತು, ಈಗ ಕಚೇರಿ ಮನೆ ಹತ್ತಿರ ಬಂತು, ಇನ್ನೂ ಹತ್ತಿರ ಬಂದು ಅಂಗೈಯೊಳಗೇ ಕೂತಿತು. ಒಳ್ಳೆಯದೇ. ನಾನು ಫೋನಿನ ವೈರಿಯಲ್ಲ. ಹಳೆಯ ಕಾಲದಲ್ಲಿ ಗುಮಾಸ್ತನ ಮುಂದೆ ಕೈಕಟ್ಟಿ ನಿಂತದ್ದನ್ನು ಮರೆತಿಲ್ಲ. ಆದರೆ ಗುಮಾಸ್ತ ಎಷ್ಟೇ ಸಿಡುಕನಾದರೂ ಕುರುಡಿಯನ್ನು ನೋಡಿ, ಈ ಚಿತ್ರದಲ್ಲಿ ಏನಿದೆ ಹೇಳು ಎಂದು ಕೇಳುತ್ತಿರಲಿಲ್ಲ.

ನಾನು ಕಂಪ್ಯೂಟರ್ ಓದಿದವನಲ್ಲ. ಬಲ್ಲವರನ್ನು ಕೇಳಿದೆ. ಇದೆಲ್ಲ ಕಷ್ಟವೇನಲ್ಲವಂತೆ. ಅಕ್ಷರ ಕಪ್ಪಗೆ ಮಾಡಬಹುದು. ಬಟನ್ನಿಗೆ ಗಡಿ ಹಾಕಬಹುದು, ಒಂದು ಹೆಸರು ಕೊಡಬಹುದು, ಆಗ ಓದಿ ಹೇಳುವ ಫೋನುಗಳು ಅದನ್ನು ಓದುತ್ತವೆ. ಇನ್ನೂ ಸ್ವಲ್ಪ ಹೊತ್ತು ಬೇಕೇ ಎಂದು ಕೇಳಿ ಆಮೇಲೆ ಹೊರಗೆ ಹಾಕಬಹುದು. ಚಿತ್ರದ ಪರೀಕ್ಷೆಯನ್ನೇ ತೆಗೆದು ಹಾಕಬಹುದು. ಏನೂ ಆಗದಿದ್ದರೆ ಫೋನ್ ಎತ್ತುವ ಒಬ್ಬ ಮನುಷ್ಯನನ್ನು ಇಡಬಹುದು. ಇದಕ್ಕೆಲ್ಲ ಕಾನೂನೂ ಇದೆಯಂತೆ. ಇರುತ್ತದೆ ಬಿಡಿ, ನಮ್ಮಲ್ಲಿ ಯಾವುದಕ್ಕೆ ಇಲ್ಲ?

ಇಷ್ಟು ಹೇಳಿದರೆ ಕೆಲವರು ನನಗೆ ಹೇಳುತ್ತಾರೆ, ಲಕ್ಷಾಂತರ ಜನ ಬುಕ್ ಮಾಡುತ್ತಾರೆ, ಎಲ್ಲೋ ಒಬ್ಬರಿಗೆ ಹೀಗಾದರೆ ಏನು ಮಾಡಲಾಗುತ್ತದೆ ಎಂದು. ಆ ಒಬ್ಬರು ನಿಮ್ಮ ಮನೆಯವರಾಗುವ ತನಕ ನಿಮಗೆ ಆ ಲೆಕ್ಕ ಸರಿ ಎನಿಸುತ್ತದೆ. ನನಗೂ ಎನಿಸುತ್ತಿತ್ತೋ ಏನೋ. ಈಗ ಆ ಲೆಕ್ಕ ಕೇಳಿದರೆ ಮೈ ಉರಿಯುತ್ತದೆ.

ಕಳೆದ ವಾರ ಗದ್ವಾಲಕ್ಕೆ ಹೋಗಿದ್ದೆ. ಅಕ್ಕನಿಗೆ ಕಿಟಕಿ ಯಾವ ಕಡೆ ಇದೆ ಎಂದು ತಿಳಿಯುತ್ತದೆ. ಅಷ್ಟೇ. ಹೊಲಿಗೆ ಮಿಷನ್ನಿನ ಮೇಲೆ ಹಳೆಯ ದುಪ್ಪಟಿ ಹೊದಿಸಿದ್ದಾಳೆ. ಗಿರಾಕಿಗಳು ಬಿಟ್ಟುಹೋಗಿದ್ದ ಬಟ್ಟೆಗಳನ್ನು ಒಂದೊಂದಾಗಿ ಮುಟ್ಟಿ, ಇದು ಯಾರದು ಎಂದು ಗುರುತಿಸಿ, ಹೊಲಿಯದೆಯೇ ವಾಪಸು ಕಳಿಸಿದಳಂತೆ. ಒಬ್ಬಳು ಮಾತ್ರ ಬಟ್ಟೆ ಒಯ್ಯಲು ಒಪ್ಪದೆ, ನಿನ್ನ ಕಣ್ಣು ಬಂದ ಮೇಲೆ ಹೊಲಿ ಎಂದು ಹೇಳಿ ಹೋಗಿದ್ದಾಳೆ. ಅಕ್ಕ ಆ ಬಟ್ಟೆಯನ್ನು ದಿಂಬಿನ ಹತ್ತಿರ ಇಟ್ಟುಕೊಂಡಿದ್ದಾಳೆ.

ಮಗಳು ಅವಳ ಫೋನಿನಲ್ಲಿ ಓದಿ ಹೇಳುವ ಸೌಲಭ್ಯ ಹಾಕಿಕೊಟ್ಟಿದ್ದಾಳೆ. ಗಾಜಿನ ಮೇಲೆ ಬೆರಳು ಸರಿಸಿದಲ್ಲೆಲ್ಲ ಅದು ಮಾತಾಡುತ್ತದೆ. ಅಕ್ಕ ಕಲಿಯುತ್ತಿದ್ದಾಳೆ. ಆಗಾಗ ಅದಕ್ಕೇ ಬೈಯುತ್ತಾಳೆ. "ಮೆಲ್ಲಕ ಮಾತಾಡಲೇ, ನಾ ಕಿವುಡಿ ಅಲ್ಲ!" ಅಷ್ಟರ ಮಟ್ಟಿಗೆ ನನ್ನ ಅಕ್ಕ ಇನ್ನೂ ಉಳಿದಿದ್ದಾಳೆ ಎಂದು ನನಗೆ ಸಮಾಧಾನವಾಯಿತು.

ನಾನು ಕೂತಿದ್ದಾಗಲೇ ಅವಳ ಫೋನಿಗೆ ಒಂದು ಮೆಸೇಜು ಬಂತು. ಫೋನೇ ಓದಿತು. ಆಸ್ಪತ್ರೆಯಿಂದ. ನಮ್ಮಲ್ಲಿ ಚಿಕಿತ್ಸೆ ಪಡೆದದ್ದಕ್ಕೆ ಧನ್ಯವಾದ, ಕೆಳಗೆ ಕೊಟ್ಟ ಲಿಂಕ್ ಒತ್ತಿ ನಮ್ಮ ವೆಬ್‌ಸೈಟಿನಲ್ಲಿ ನಿಮ್ಮ ಅನುಭವಕ್ಕೆ ಸ್ಟಾರ್ ಕೊಡಿ ಎಂದು. ಇಂಗ್ಲಿಷಿನಲ್ಲಿತ್ತು, ನಾನು ಬಿಡಿಸಿ ಹೇಳಿದೆ. ಬೇಡ ಬಿಡು ಎಂದೆ. ಅಕ್ಕ ಬಿಡಲಿಲ್ಲ, ತಾನೇ ಒತ್ತಿದಳು. ಪುಟ ತೆರೆಯಿತು. ಐದು ಸ್ಟಾರುಗಳಿದ್ದವು, ನನಗೆ ಕಂಡವು. ಅವಳು ಬೆರಳು ಸರಿಸಿದಳು. ಇಮೇಜ್ ಎಂದಿತು ಫೋನು, ಹೆಸರಿಡದ ಯಾವುದೋ ಒಂದು ಚಿತ್ರ ಎಂದು. ಇನ್ನಷ್ಟು ಸರಿಸಿದಳು. ಇಮೇಜ್. ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ. ಇಮೇಜ್, ಇಮೇಜ್, ಇಮೇಜ್.

ಅಕ್ಕ ಬೆರಳು ಎತ್ತದೆ, ನನ್ನ ಕಡೆಗೆ ಎಂದುಕೊಂಡು ಗೋಡೆಯ ಕಡೆಗೆ ತಿರುಗಿ ಕೇಳಿದಳು:

"ತಮ್ಮಾ, ಇದರಾಗ ಒಂದೂ ಕೊಡಂಗಿಲ್ಲ ಅಂತ ಹೇಳಾಕ ಎಲ್ಲಿ ಒತ್ತಬೇಕೋ?"